ನಿಮ್ಮ ಮನೆಯಲ್ಲಿ ಇಂಟರ್ನೆಟ್ ಇದೆಯೇ? ಆನ್‌ಲೈನಿನಲ್ಲೇ ಉತ್ತರಿಸಿ

ಗೆ,
ಪೋಷಕರಿಗೆ ಸೂಚನೆ ಬರೆಯುವ ಸಾಹೇಬರು
(ಪಿಡಿಎಫ್‌ನಲ್ಲಿ ತಮ್ಮ ಹೆಸರಿರಲಿಲ್ಲ, ಊರಿರಲಿಲ್ಲ. ನೆಟ್‌ವರ್ಕ್ ಇರುವ ಊರು ಎಂಬುದಷ್ಟೇ ಖಾತ್ರಿ.)

ಇಂದ,
ಒಬ್ಬ ತಾಯಿ
ಶಿಕಾರಿಪುರ–ಸೊರಬ ತಾಲೂಕುಗಳ ಗಡಿಯ ಒಂದು ಊರು

ದಿನಾಂಕ: 2021ರ ಜೂನ್ ಕೊನೆ, ಆರಿದ್ರಾ ಮಳೆ

ವಿಷಯ: ಮನೆಯನ್ನು ಶಾಲೆ ಮಾಡಿಕೊಳ್ಳುವ ಬಗ್ಗೆ
ಉಲ್ಲೇಖ: ತಮ್ಮ ಪಿಡಿಎಫ್ ಮತ್ತು ತಮ್ಮ ಲಿಂಕ್

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಈಗಷ್ಟೇ ಶಿರಾಳಕೊಪ್ಪದಿಂದ ತೊಯ್ದು ತೊಪ್ಪೆಯಾಗಿ ಬಂದಿದ್ದೇನೆ. ಸೀರೆ ಬದಲಿಸಿ, ತಲೆ ಒರೆಸಿಕೊಂಡು, ಮಗಳ ನೋಟುಬುಕ್ಕಿನಿಂದ ಹಾಳೆ ಕಿತ್ತು ಕೂತಿದ್ದೇನೆ. ವಿನಯ ಇರುವಷ್ಟು ಹೊತ್ತು ವಿನಯದಿಂದಲೇ ಬರೆಯುತ್ತೇನೆ. ಮುಗಿದ ಮೇಲೆ ತಾವೇ ಸುಧಾರಿಸಿಕೊಳ್ಳಬೇಕು.

ಜುಲೈ 1ರಿಂದ ಹೊಸ ಶಾಲಾ ವರ್ಷ ಮನೆಯಿಂದಲೇ ಶುರು, ಪೋಷಕರು ಸಜ್ಜಾಗಬೇಕು ಎಂದು ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಬಂತು. ಅದರ ಬೆನ್ನಿಗೆ ಒಂದು ಲಿಂಕ್ ಬಂತು. ಒತ್ತಿದರೆ ಫಾರಂ. ಮಗುವಿನ ಹೆಸರು, ತರಗತಿ, ತಂದೆಯ ಹೆಸರು ಎಲ್ಲ ಆದ ಮೇಲೆ ಕೆಂಪು ಚುಕ್ಕಿ ಇಟ್ಟ ಒಂದು ಪ್ರಶ್ನೆ: ‘ನಿಮ್ಮ ಮನೆಯಲ್ಲಿ ಇಂಟರ್ನೆಟ್ ಸೌಲಭ್ಯ ಇದೆಯೇ?’ ಕೆಂಪು ಚುಕ್ಕಿ ಇದ್ದರೆ ಉತ್ತರ ಕೊಡಲೇಬೇಕಂತೆ. ಹೌದು, ಇಲ್ಲ, ಎರಡರಲ್ಲಿ ಒಂದು.

ಈ ಪ್ರಶ್ನೆ ಬರೆದವರ ಕೊರಳಿಗೆ ಕೊಬ್ಬರಿ ಹಾರ ಹಾಕಬೇಕು ಸಾಹೇಬರೇ. ಇಂಟರ್ನೆಟ್ ಇದ್ದವರು ಫಾರಂ ತುಂಬುತ್ತಾರೆ, ತುಂಬಿದವರೆಲ್ಲ ‘ಹೌದು’ ಒತ್ತುತ್ತಾರೆ. ಇಲ್ಲದವರ ‘ಇಲ್ಲ’ ತಮ್ಮ ತನಕ ಬರುವುದೇ ಇಲ್ಲ. ಸಂಜೆ ಲೆಕ್ಕ ತೆಗೆದರೆ ಇಡೀ ತಾಲೂಕಿನಲ್ಲಿ ಇಂಟರ್ನೆಟ್ ಇಲ್ಲದ ಮನೆ ಒಂದೂ ಇಲ್ಲ! ಟವರ್ ನೆಡದೆ, ತಂತಿ ಎಳೆಯದೆ, ಬರೀ ಒಂದು ಪ್ರಶ್ನೆಯಿಂದ ಮನೆಮನೆಗೆ ಇಂಟರ್ನೆಟ್ ಕೊಟ್ಟವರು ತಾವು.

ನಮ್ಮ ‘ಇಲ್ಲ’ವನ್ನು ತಮಗೆ ಮುಟ್ಟಿಸಲು ಪಟ್ಟ ಪಾಡು ಕೇಳಿ. ನಮ್ಮೂರಲ್ಲಿ ಮಾತಾಡಲು ಒಂದು ಕಡ್ಡಿ ಸಿಗುತ್ತದೆ. ಇಂಟರ್ನೆಟ್ ಬೇಕಾದರೆ ಕೆರೆ ಏರಿ ಹತ್ತಬೇಕು, ಹತ್ತಿ ಆಲದ ಮರ ದಾಟಿ ಪಡುವಣಕ್ಕೆ ಮುಖ ಮಾಡಿ ನಿಲ್ಲಬೇಕು. ದೀಪಾವಳಿಗೆ ನಮ್ಮ ಕಡೆ ಹೋರಿ ಹಿಡಿಯುತ್ತಾರಲ್ಲ, ಸಿಗ್ನಲ್ ಹಿಡಿಯುವುದೂ ಹಾಗೆಯೇ. ಎದುರಿಗೆ ಬರುತ್ತದೆ, ಕೈ ಹಾಕುವುದರೊಳಗೆ ಪಾರಾಗುತ್ತದೆ. ಹೋರಿ ಹಿಡಿದರೆ ಅದರ ಕೊರಳಿನ ಕೊಬ್ಬರಿಯಾದರೂ ಸಿಗುತ್ತದೆ. ಬೆಳಗಿನ ಜಾವ ನಮ್ಮನೆಯವರು ಟ್ರ್ಯಾಕ್ಟರ್ ಹೊರಡಿಸುವ ಮೊದಲೇ ಫೋನ್ ಇಸಿದುಕೊಂಡು ಏರಿಗೆ ಓಡಿದೆ. ಎಲ್ಲ ತುಂಬಿದೆ. ಕೆಂಪು ಚುಕ್ಕಿಯ ಎದುರಿಗೆ ‘ಇಲ್ಲ’ ಒತ್ತಿದೆ. ಸಬ್‌ಮಿಟ್ ಒತ್ತಿದೆ. ಚಕ್ರ ಸುತ್ತತೊಡಗಿತು. ಆರಿದ್ರಾ ಮಳೆ ಆರದೆ ಹೊಡೆಯುತ್ತದೆ ಅಂತಾರೆ, ಹೊಡೆಯಿತು. ನಮ್ಮನೆಯವರು ಏರಿ ಕೆಳಗಿಂದ ಹಾರ್ನ್ ಬಾರಿಸಿದರು. ಚಕ್ರ ಸುತ್ತುತ್ತಲೇ ಇತ್ತು, ಫೋನ್ ಟ್ರ್ಯಾಕ್ಟರ್ ಹತ್ತಿ ಹೋಯಿತು.

ಮೆಕ್ಕೆಜೋಳ ಬಿತ್ತನೆಯ ದಿನಗಳು. ಟ್ರ್ಯಾಕ್ಟರ್ ಬಾಡಿಗೆ ಕರೆಯುವುದೇ ಫೋನಿನಲ್ಲಿ. ಮಕ್ಕಳ ಪಾಠಕ್ಕೆ ಫೋನ್ ಮನೆಯಲ್ಲಿಟ್ಟರೆ ಬಾಡಿಗೆ ಇಲ್ಲ, ಬಾಡಿಗೆ ಇಲ್ಲದಿದ್ದರೆ ರೀಚಾರ್ಜ್ ಇಲ್ಲ, ರೀಚಾರ್ಜ್ ಇಲ್ಲದಿದ್ದರೆ ಪಾಠ ಇಲ್ಲ. ಇದಕ್ಕೆ ಕೆಂಪು ಚುಕ್ಕಿಯ ಪ್ರಶ್ನೆ ಯಾವುದೂ ಇರಲಿಲ್ಲ.

ಸರಿ, ಛತ್ರಿ ಹಿಡಿದು ಶಿರಾಳಕೊಪ್ಪಕ್ಕೆ ಹೋದೆ. ಕೊರೊನಾ ಲಾಕ್‌ಡೌನ್ ಈಗಷ್ಟೇ ಸಡಿಲಾಗಿದೆ. ಬೇರೆ ಜಿಲ್ಲೆಗಳಿಗೆ ಜೂನ್ 14ಕ್ಕೇ ಸಡಿಲಿಸಿ, ಸೋಂಕು ಜಾಸ್ತಿ ಎಂದು ನಮ್ಮ ಶಿವಮೊಗ್ಗವೂ ಸೇರಿ 11 ಜಿಲ್ಲೆಗಳನ್ನು ಇನ್ನೊಂದು ವಾರ ಕೂಡಿಹಾಕಿದ್ದರಲ್ಲ. ಹಾಗಾಗಿ ಸೈಬರ್ ಅಂಗಡಿ ಮುಂದೆ ಜಾತ್ರೆ. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಕೊನೆಗೆ ನನ್ನ ಪಾಳಿ ಬಂದಾಗ ಹುಡುಗ ಲಿಂಕ್ ತೆರೆದ. ಅದು ಜಿಮೇಲ್ ಕೇಳಿತು. ಜಿಮೇಲ್ ಒಟಿಪಿ ಕೇಳಿತು. ‘ಒಟಿಪಿ ಹೇಳ್ರಿ ಅಕ್ಕಾ’ ಅಂದ.

ಒಟಿಪಿ ಬಂದಿತ್ತು ಸಾಹೇಬರೇ. ಯಾರದೋ ಹೊಲದಲ್ಲಿ, ಟ್ರ್ಯಾಕ್ಟರ್ ಮೇಲೆ, ನಮ್ಮನೆಯವರ ಅಂಗಿ ಜೇಬಿನಲ್ಲಿ ಬಂದಿತ್ತು. ಹುಡುಗನ ಫೋನಿನಿಂದ ಕರೆ ಮಾಡಿದೆ. ಇಂಜಿನ್ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಆಮೇಲೆ ಅವರೇ ವಾಪಸ್ ಮಾಡಿ ‘ಏನೋ ನಂಬರ್ ಬಂದೈತಿ, ಬ್ಯಾಂಕಿನ ಕಳ್ಳರದ್ದಿರಬೇಕು, ಅಳಿಸಿ ಹಾಕಿದೆ’ ಅಂದರು. ಒಟಿಪಿ ಯಾರಿಗೂ ಹೇಳಬೇಡಿ ಎಂದು ಅವರಿಗೆ ಕಲಿಸಿದವಳು ನಾನೇ. ‘ನಾಳೆ ಫೋನ್ ತಗೊಂಡು ಬರ್ರಿ ಅಕ್ಕಾ’ ಅಂದ ಹುಡುಗ. ಫೋನ್ ಕೈಯಲ್ಲಿದ್ದರೆ ನಾನು ಅಲ್ಲಿಗೆ ಯಾಕೆ ಹೋಗುತ್ತಿದ್ದೆ?

ಶಾಲೆಯ ಸರ್ ದಾರಿಯಲ್ಲಿ ಸಿಕ್ಕರು. ಬಾಯಲ್ಲೇ ಹೇಳುತ್ತೇನೆ, ನಮ್ಮನೆಯಲ್ಲಿ ಇಂಟರ್ನೆಟ್ ಇಲ್ಲ, ಬರೆದುಕೊಳ್ಳಿ ಸರ್ ಅಂದೆ. ‘ಬರೆದುಕೊಳ್ಳೋಕೆ ಜಾಗ ಎಲ್ಲೈತಮ್ಮ, ಎಲ್ಲಾ ಲಿಂಕಲ್ಲೇ ಹೋಗಬೇಕು. ನನ್ನದೇ ಸಬ್‌ಮಿಟ್ ಆಗಿಲ್ಲ’ ಅಂದರು.

ಇನ್ನು ತಮ್ಮ ಪಿಡಿಎಫ್. ಮಗುವಿಗೆ ಗದ್ದಲವಿಲ್ಲದ ಪ್ರತ್ಯೇಕ ಕೋಣೆ ಕೊಡಿ ಎಂದಿದ್ದೀರಿ. ನಮ್ಮಲ್ಲಿ ಪ್ರತ್ಯೇಕ ಕೋಣೆ ಇರುವುದು ದನಗಳಿಗೆ. ಅವುಗಳ ಹತ್ತಿರ ಮಾತಾಡಿ ನೋಡುತ್ತೇನೆ. ಪಾಠದ ಹೊತ್ತಿನಲ್ಲಿ ತಾಯಿ ಪಕ್ಕದಲ್ಲಿ ಕೂರಬೇಕು ಎಂದಿದ್ದೀರಿ. ನಾನು ಹೊಲಿಗೆ ಮಿಷನ್ ತುಳಿಯುತ್ತ ಕೂರಬಹುದೇ, ಅಥವಾ ಬರೀ ಕೂರಬೇಕೇ, ತಿಳಿಸಿ. ಮಕ್ಕಳು ಹೆಚ್ಚು ಹೊತ್ತು ಫೋನ್ ನೋಡದಂತೆ ಎಚ್ಚರ ವಹಿಸಿ ಎಂದು ಕೊನೆಯಲ್ಲಿ ಬರೆದಿದ್ದೀರಿ. ಈ ಒಂದು ಸೂಚನೆಯನ್ನು ನಮ್ಮ ಮನೆ ಚಾಚೂ ತಪ್ಪದೆ ಪಾಲಿಸುತ್ತಿದೆ. ಅಂಕ ಕೊಡಿ.

ಟಿವಿ ಇಲ್ಲವೇ, ಚಂದನದಲ್ಲಿ ಪಾಠ ಬರುವುದಿಲ್ಲವೇ ಎನ್ನುತ್ತೀರಿ. ಬರುತ್ತದೆ. ಚೆನ್ನಾಗಿಯೇ ಹೇಳಿಕೊಡುತ್ತಾರೆ. ಕರೆಂಟ್ ಇದ್ದ ದಿನ ನಮ್ಮ ಅತ್ತೆಯೂ ಕೂತು ನೋಡುತ್ತಾರೆ. ಭಿನ್ನರಾಶಿ ಅವರಿಗೆ ನನ್ನ ಚಿಕ್ಕ ಮಗನಿಗಿಂತ ಚೆನ್ನಾಗಿ ಬರುತ್ತದೆ. ಆದರೆ ‘ಸರ್, ನಂಗೆ ತಿಳೀಲಿಲ್ಲ’ ಎಂದು ಚಿಕ್ಕವನು ಕೈ ಎತ್ತಿದರೆ ಟಿವಿಯಲ್ಲಿರುವ ಸರ್ ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಾರೆ.

ಹೋದ ವರ್ಷ ಜೂನ್‌ನಲ್ಲಿ ಐದನೇ ತರಗತಿವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠವೇ ಬೇಡ ಎಂದು ಸರ್ಕಾರ ಆದೇಶ ಮಾಡಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಬೆಂಗಳೂರಿನಲ್ಲಿ ದೊಡ್ಡ ಚರ್ಚೆಯಂತೆ. ನಮ್ಮೂರಿಗೆ ಎರಡೂ ಒಂದೇ ಆಯಿತು. ಬೇಡ ಅಂದಾಗಲೂ ಬರಲಿಲ್ಲ, ಬೇಕು ಅಂದಾಗಲೂ ಬರಲಿಲ್ಲ. ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಸರ್ಕಾರದ ಯೋಜನೆ ಬಂತು. ಅದರಲ್ಲಿ ಮಕ್ಕಳನ್ನು ‘ಕಾಲ್ಪನಿಕ ತರಗತಿ ಕೋಣೆ’ಗಳಲ್ಲಿ ಮೂರು ಗುಂಪು ಮಾಡಿದರು: ಇಂಟರ್ನೆಟ್ ಇರುವ ಫೋನಿನವರು, ಇಂಟರ್ನೆಟ್ ಇಲ್ಲದ ಫೋನಿನವರು, ಏನೂ ಇಲ್ಲದವರು. ಫೋನ್ ಮನೆಯಲ್ಲಿದ್ದಾಗ ನಾವು ಎರಡನೇ ಗುಂಪು, ನಮ್ಮನೆಯವರು ಹೊರಟ ಮೇಲೆ ಮೂರನೆಯದು, ಕೆರೆ ಏರಿ ಮೇಲೆ ಒಂದನೆಯದು.

ಆದರೂ ವಿದ್ಯಾಗಮವನ್ನು ಬೈಯಲಾರೆ. ಯಾಕೆಂದರೆ ಮೇಷ್ಟ್ರು ಬೈಕಿನಲ್ಲಿ ನಮ್ಮೂರ ಗುಡಿ ಕಟ್ಟೆಗೇ ಬರುತ್ತಿದ್ದರು. ಮಕ್ಕಳು ದೂರ ದೂರ ಕೂತು ಕಲಿಯುತ್ತಿದ್ದರು. ಅಕ್ಟೋಬರ್‌ನಲ್ಲಿ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದೆ ಎಂದು ಅದೂ ನಿಂತಿತು.

ನಮ್ಮ ತಾಲೂಕುಗಳಿಗೆ ವಿದ್ಯೆ ಹೊಸದಲ್ಲ ಸಾಹೇಬರೇ, ನಾನೂ ಪಿಯುಸಿ ಓದಿದವಳು. ಇಲ್ಲೇ ತಾಳಗುಂದದ ಮಯೂರಶರ್ಮ ಗುರು ವೀರಶರ್ಮನ ಜತೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು, ಸಿಟ್ಟಿಗೆ ದರ್ಭೆ ಬಿಟ್ಟು ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ ಎಂದು ತಾಳಗುಂದದ ಕಂಬದ ಶಾಸನವೇ ಹೇಳುತ್ತದೆ. ಅವನಿಗೂ ತಮ್ಮ ಲಿಂಕ್ ಸಿಕ್ಕಿದ್ದರೆ ತಾಳಗುಂದದಲ್ಲೇ ಕೂತು ಚಕ್ರ ಸುತ್ತುವುದನ್ನು ನೋಡುತ್ತಿದ್ದ. ಕನ್ನಡಕ್ಕೆ ರಾಜ್ಯವೇ ತಪ್ಪಿಹೋಗುತ್ತಿತ್ತು. ರಾಜರನ್ನಷ್ಟೇ ಅಲ್ಲ, ಮುಖ್ಯಮಂತ್ರಿಗಳನ್ನೂ ಕೊಟ್ಟ ಮಣ್ಣು ಇದು. ಸೊರಬದ ಬಂಗಾರಪ್ಪನವರು 1990ರಿಂದ 92ರವರೆಗೆ ಆಗಿದ್ದರು, ಶಿಕಾರಿಪುರದ ಶಾಸಕರು ಈಗ ಆಗಿದ್ದಾರೆ. ಮುಖ್ಯಮಂತ್ರಿ ಬೆಳೆಯುವ ನೆಲದಲ್ಲಿ ನಾಲ್ಕು ಕಡ್ಡಿ ಸಿಗ್ನಲ್ ಯಾಕೆ ಬೆಳೆಯುವುದಿಲ್ಲವೋ, ಕೃಷಿ ಇಲಾಖೆಯವರನ್ನೇ ಕೇಳಬೇಕು.

ನಮ್ಮ ಕಡೆಯ ಬಳ್ಳಿಗಾವಿಯ ಕೋಡಿಯ ಮಠದ ವಿಚಾರವನ್ನೂ ಹೇಳಿಬಿಡುತ್ತೇನೆ. ಅಲ್ಲಿ ವೇದ, ವ್ಯಾಕರಣ ಕಲಿಸುತ್ತಿದ್ದರು, ಜತೆಗೆ ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದರು ಎಂದು 1162ರ ಶಾಸನದಲ್ಲಿದೆ. ಪಾಠ ಹೇಳುವ ಜಾಗದಲ್ಲಿ ಅನ್ನವೂ ಇರಬೇಕು ಎಂದು ಅವರಿಗೆ ಗೊತ್ತಿತ್ತು. ಬಿಸಿಯೂಟದ ಬದಲು ಅಕ್ಕಿ ಬೇಳೆ ಕೊಟ್ಟಿದ್ದೀರಿ, ಒಪ್ಪುತ್ತೇನೆ. ಆದರೆ ಕೂಲಿ ಮನೆಗಳಲ್ಲಿ ಆ ಅಕ್ಕಿ ಇಡೀ ಮನೆಯ ಅನ್ನವಾಗುತ್ತದೆ, ಮಗುವಿನ ತಟ್ಟೆಯಲ್ಲಿ ಎಷ್ಟು ಬೀಳುತ್ತದೆಂದು ಯಾವ ಫಾರಂನಲ್ಲೂ ಕೇಳಿಲ್ಲ.

ವಿನಯ ಇಲ್ಲಿಗೆ ಮುಗಿಯಿತು.

ನನ್ನ ಚಿಕ್ಕ ಮಗ 2020ರ ಮಾರ್ಚ್‌ನಲ್ಲಿ ಎರಡನೇ ತರಗತಿಯಿಂದ ಮನೆಗೆ ಬಂದ. ಈಗ ನಾಲ್ಕನೆಯದು. ಮೂರನೇ ತರಗತಿಯ ಬೆಂಚಿನಲ್ಲಿ ಅವನು ಒಂದು ದಿನವೂ ಕೂತಿಲ್ಲ. ದೊಡ್ಡವಳಿಗೆ ಈ ವರ್ಷ ಫೆಬ್ರವರಿ 22ಕ್ಕೆ ಎಂಟನೇ ತರಗತಿ ತೆರೆಯಿತು, ಒಂದೂವರೆ ತಿಂಗಳೂ ತುಂಬುವುದರೊಳಗೆ ಮುಚ್ಚಿತು. ಅವಳನ್ನೂ ಒಂಬತ್ತಕ್ಕೆ ದಾಟಿಸಿದಿರಿ. ಮೊನ್ನೆ ಚಿಕ್ಕವನ ಕೈಗೆ ಕನ್ನಡ ಪುಸ್ತಕ ಕೊಟ್ಟೆ. ಒತ್ತಕ್ಷರ ಬಂದ ಕಡೆಯೆಲ್ಲ ನಿಂತು ನನ್ನ ಮುಖ ನೋಡಿದ. ಎರಡನೇ ತರಗತಿಯಲ್ಲಿ ಸರಾಗ ಓದುತ್ತಿದ್ದ ಮಗು. ಕಲಿತದ್ದನ್ನೂ ಕಳೆದುಕೊಂಡಿದ್ದಾನೆ. ಅವನ ಹೆಸರಿನ ಎದುರು ತಮ್ಮ ದಾಖಲೆಯಲ್ಲಿ ಏನಿದೆ? ‘ಮೂರನೇ ತರಗತಿ ಉತ್ತೀರ್ಣ.’

ಈ ತಿಂಗಳು ಸುಳ್ಯದ ಕಡೆ ಒಬ್ಬ ತಂದೆ ಮಳೆಯಲ್ಲಿ ರಸ್ತೆ ಬದಿ ನಿಂತು, ಪಾಠ ಕೇಳುವ ಮಗಳಿಗೆ ಕೊಡೆ ಹಿಡಿದ ಫೋಟೋ ಎಲ್ಲ ಕಡೆ ಓಡಾಡಿತು. ಎಂಥ ತಂದೆ, ಎಂಥ ಮಗಳು ಎಂದು ಹೊಗಳಿದರು. ಹೊಗಳಿ ಮುಂದಿನ ಫೋಟೋಗೆ ಹೋದರು. ಮಗಳು ರಸ್ತೆಯಲ್ಲಿ ಕೂತು ಓದುವಂತಾದದ್ದಕ್ಕೆ ನಾಚಬೇಕಾದವರು ಯಾರು? ಸಜ್ಜಾಗಿ, ಸಜ್ಜಾಗಿ ಎಂದು ನಮಗೆ ಬರೆಯುತ್ತೀರಲ್ಲ, ತಾವು ಏನು ಸಜ್ಜಾದಿರಿ? ಇಡೀ ಒಂದು ವರ್ಷ ಇತ್ತಲ್ಲ. ಒಂದು ಟವರ್? ಏನೂ ಇಲ್ಲದ ಮನೆಗೆ ಒಂದು ಫೋನ್? ತಾವು ಸಜ್ಜು ಮಾಡಿದ್ದು ಒಂದು ಪಿಡಿಎಫ್ ಮತ್ತು ಒಂದು ಲಿಂಕ್.

ಶಾಲೆ ತೆರೆಯಿರಿ ಎಂದು ನಾನು ಹಟ ಮಾಡುವುದಿಲ್ಲ. ಎರಡನೇ ಅಲೆಯಲ್ಲಿ ಎಷ್ಟೋ ಶಿಕ್ಷಕರನ್ನು ಕಳೆದುಕೊಂಡೆವು, ನಮ್ಮ ಬೀದಿಯಲ್ಲೂ ಸಾವಾಗಿದೆ. ಮುಚ್ಚಿರಲಿ. ಮುಚ್ಚಿದೆ ಎಂದೇ ಹೇಳಿ. ಮುಚ್ಚಿದ ಶಾಲೆಗೆ ‘ಮನೆಯಿಂದಲೇ ಶುರು’ ಎಂಬ ಬೋರ್ಡು ಹಾಕಬೇಡಿ. ಮುಚ್ಚಿದೆ ಎಂದು ಒಪ್ಪಿಕೊಂಡರೆ ತೆರೆಯುವ ಯೋಚನೆಯಾದರೂ ಬರುತ್ತದೆ. ಎಲ್ಲರೂ ‘ಹೌದು’ ಒತ್ತಿದ್ದಾರೆ, ಎಲ್ಲರ ಮನೆಯಲ್ಲೂ ಶಾಲೆ ನಡೆಯುತ್ತಿದೆ ಎಂದು ಕಡತ ಹೇಳತೊಡಗಿದರೆ ನನ್ನ ಮಗನ ಒತ್ತಕ್ಷರವನ್ನು ಯಾರು ಹುಡುಕುತ್ತಾರೆ?

ಕೇಳುವುದು ಇಷ್ಟೇ. ಸೋಂಕು ಇಳಿದ ಊರುಗಳಿಗೆ ಮೇಷ್ಟ್ರನ್ನು ಮತ್ತೆ ಕಟ್ಟೆಗೆ ಕಳಿಸಿ, ವಾರಕ್ಕೆ ಮೂರು ದಿನ ಸಾಕು. ಮಳೆ ಬಂದರೆ ಗುಡಿಯ ಪೌಳಿ ಇದೆ. ಮಕ್ಕಳನ್ನು ದೂರ ಕೂರಿಸುವ ಹೊಣೆ ನಮ್ಮದು, ಮಾಸ್ಕ್ ನಾನೇ ಹೊಲಿದು ಕೊಡುತ್ತೇನೆ, ಬಟ್ಟೆ ತುಂಡು ಮನೆಯಲ್ಲಿ ಬೇಕಾದಷ್ಟಿದೆ. ಅಲ್ಲಿವರೆಗೆ ‘ಇಲ್ಲ’ ಎಂದು ಬರೆಯಲು ಬರುವ ಒಂದು ಕಾಗದದ ಫಾರಂ ಅಚ್ಚು ಹಾಕಿಸಿ.

ಇಂತಿ ತಮ್ಮ ವಿಶ್ವಾಸಿ,
ಎರಡನೇ ಗುಂಪಿನ ಒಬ್ಬ ತಾಯಿ
(ಸಂಜೆ ಆರರ ತನಕ ಮೂರನೇ ಗುಂಪು)

ವಿ.ಸೂ.: ಈ ಪತ್ರವನ್ನು ಐದು ರೂಪಾಯಿ ಸ್ಟಾಂಪ್ ಹಚ್ಚಿ ಅಂಚೆಗೆ ಹಾಕುತ್ತಿದ್ದೇನೆ. ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ಅಂಚೆಯಣ್ಣ ಒಟಿಪಿ ಕೇಳುವುದಿಲ್ಲ. ಉತ್ತರ ಬರೆಯುವ ಮನಸ್ಸಾದರೆ ತಾವೂ ಅಂಚೆಯಲ್ಲೇ ಬರೆಯಿರಿ. ಲಿಂಕ್ ಕಳಿಸಿದರೆ ನಮ್ಮನೆಯವರು ಅಳಿಸಿ ಹಾಕುತ್ತಾರೆ, ಅವರಿಗೆ ನಾನು ಹಾಗೆಯೇ ಹೇಳಿಟ್ಟಿದ್ದೇನೆ.