ನರದ ಸಂಶೋಧಕರ ಮೇಲೆ ಹುಮನಾಬಾದಿನ ತಕರಾರು

ತುಂಡಾದ ನರ ಮತ್ತೆ ಬೆಳೆಯುವ ಬಗೆ ಹುಡುಕುತ್ತ ಆಯುಷ್ಯ ಸವೆಸುವ ಮಹನೀಯರಿಗೆ,

ಹುಮನಾಬಾದಿನಿಂದ ಶರಣು. ನೀವು ಬಲು ನಿಧಾನ ಎಂಬುದೇ ನಮ್ಮ ತಕರಾರು. ಬಸವಕಲ್ಯಾಣದ ದಾರಿಯ ಗೋಡೆಗಳನ್ನು ನೋಡಿ: ನರ ದೌರ್ಬಲ್ಯಕ್ಕೆ ಗ್ಯಾರಂಟಿ ಔಷಧ, ಫೋನ್ ನಂಬರ್ ಸಮೇತ. ನೀವು ಯಾವುದಕ್ಕಾದರೂ ಗ್ಯಾರಂಟಿ ಕೊಟ್ಟಿದ್ದೀರಾ?

1850ರಲ್ಲಿ ಅಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರ ಕತ್ತರಿಸಿ, ಗಾಯದಾಚೆಯ ತುಂಡು ಶಿಥಿಲವಾಗುವುದನ್ನು ತೋರಿಸಿದ. ಸ್ಪೇನಿನ ಕಹಾಲ್ ಬೆಳ್ಳಿಯ ಬಣ್ಣ ಹಿಡಿಸಿ, ಕಡಿದ ನರದ ಎಳೆ ಮೊಳೆತು ದಾರಿ ಹುಡುಕುವುದನ್ನು ಕಂಡ. ಬೆನ್ನುಹುರಿಯ ಎಳೆ ಮಾತ್ರ ತುಸು ಚಿಗುರಿ ಸುಮ್ಮನಾಗುವುದನ್ನೂ ಕಂಡ. 1981ರಲ್ಲಿ ಮಾಂಟ್ರಿಯಲ್‌ನ ಅಗುವಾಯೊ ಮತ್ತು ಡೇವಿಡ್ ಇಲಿಯ ಕಾಲಿನ ನರವನ್ನೇ ಸೇತುವೆಯಾಗಿ ಜೋಡಿಸಿದಾಗ ಆ ಹಟಮಾರಿ ಎಳೆಗಳೂ ಅದರೊಳಗೆ ಬೆಳೆದವು. ದೋಷ ಎಳೆಯದಷ್ಟೇ ಅಲ್ಲ, ಅದರ ನೆರೆಹೊರೆಯದೂ ಹೌದು. ಒಳ್ಳೆಯ ಸುದ್ದಿ. ಆದರೆ ಇಷ್ಟಾದರೂ ಕೈಯ ನರ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್! 65ನೇ ಹೆದ್ದಾರಿಯಲ್ಲಿ ನಮ್ಮ ಹುಡುಗರ ಬೈಕು ಹೋಗುವ ವೇಗ ಒಮ್ಮೆ ಬಂದು ನೋಡಿ.

ಹಾಗೆ ಹೋಗಿ ಬಿದ್ದು, ಹೆಗಲ ನರಜಾಲ ಹರಿದವನ ಕೈ ಭುಜದಿಂದ ಜೋತುಬಿದ್ದಿರುತ್ತದೆ. ಬಿಸಿ ಚಹಾ ಚೆಲ್ಲಿದರೂ ಬೆರಳಿಗೆ ಸುದ್ದಿಯಿಲ್ಲ. ಓಣಿಯ ಹಿರಿಯರ ತೀರ್ಪು: “ನರ ಸರ್ದದ, ತಿಕ್ಕಿದ್ರ ಕೂಡ್ತದ.” ಸರಿ, ಎಣ್ಣೆ ತಿಕ್ಕಿಸಿದ್ದಾಯಿತು, ಬಿ-12 ಇಂಜೆಕ್ಷನ್ ಆಯಿತು. ವೀರಭದ್ರೇಶ್ವರ ಜಾತ್ರೆ ಮುಗಿಯಲಿ, ಸೋಯಾ ರಾಶಿ ಆಗಲಿ ಎನ್ನುತ್ತ ಹೈದರಾಬಾದಿನ ಬಸ್ಸು ಹತ್ತುವಾಗ ವರ್ಷ ಕಳೆದಿರುತ್ತದೆ. ಆಗ ಡಾಕ್ಟರು ಲೆಕ್ಕ ಒಪ್ಪಿಸುತ್ತಾರೆ: ಕತ್ತಿನಿಂದ ಬೆರಳಿಗೆ ನರ ತಲುಪಲು ಎರಡು ವರ್ಷದ ಮೇಲೆ ಬೇಕು, ನರವಿಲ್ಲದ ಸ್ನಾಯು ಒಂದೂವರೆ ವರ್ಷ ತಾಳಿದರೆ ಹೆಚ್ಚು, ಆರು ತಿಂಗಳೊಳಗೆ ಬಂದಿದ್ದರೆ ಬೇರೆ ಕಡೆಯ ನರ ತಂದು ಮೊಣಕೈಯನ್ನಾದರೂ ಮಡಿಸುವಂತೆ ನೋಡಬಹುದಿತ್ತು.

ಇದರಲ್ಲಿ ನಮ್ಮದೇನು ತಪ್ಪು? ವೇಗ ಹೆಚ್ಚಿಸಬೇಕಿದ್ದವರು ನೀವು. ನರದ ಗುಂಟ ಬೆರಳಲ್ಲಿ ತಟ್ಟುತ್ತ ಹೋದರೆ ಜುಮ್ಮೆನ್ನುವ ಜಾಗ ತಿಂಗಳಿಂದ ತಿಂಗಳಿಗೆ ಕೆಳಗಿಳಿಯುವುದೇ ಬೆಳವಣಿಗೆಯ ಗುರುತೆಂದು ಫ್ರಾನ್ಸಿನ ಟಿನೆಲ್ 1915ರಲ್ಲಿ, ಯುದ್ಧದ ಗಾಯಾಳುಗಳನ್ನು ನೋಡಿ ಬರೆದ. ತಿಂಗಳಿಗೆ ಎರಡು ಬೆರಳಗಲ ಜುಮ್ಮೆಂದರೆ ಹಿಗ್ಗುವ ಜನ ನಾವಲ್ಲ.

ಬೇಗ ಉತ್ತರ ಬರೆಯಿರಿ. ಸ್ನಾಯುವಿನ ಗಡುವಿನ ವಿಷಯವಾದರೆ ಅವಸರವಿಲ್ಲ, ರಾಶಿ ಮುಗಿಸಿ ಓದುತ್ತೇವೆ.

ಇತಿ,
ಹೆದ್ದಾರಿ ಪಕ್ಕದವರು