ಇಲ್ಲಣ್ಣನ ಲೆಕ್ಕ

ಮರವಂತೆ, ಉಪ್ಪುಂದ, ಗಂಗೊಳ್ಳಿ, ಹೀಗೆ ಕುಂದಾಪುರದ ಆಸುಪಾಸಿನ ಯಾವ ಕಡಲತಡಿಗೆ ಬೆಳಿಗ್ಗೆ ಹೋದರೂ ಅವನು ಸಿಗುತ್ತಾನೆ. ಪಾತಿದೋಣಿಯನ್ನು ಮರಳಿಗೆ ಎಳೆದು ಹಾಕಿ, ತಲೆಗೆ ಬೈರಾಸು ಸುತ್ತಿ, ಕಂತಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ಬಂಗುಡೆಗಳನ್ನು ಒಂದೊಂದಾಗಿ ಬಿಡಿಸುತ್ತ ಕೂತಿರುತ್ತಾನೆ. "ಹ್ವಾಯ್, ಮೀನ್ ಆಯ್ತಾ?" ಎಂದು ಕೇಳಿ ನೋಡಿ. ಕೈ ನಿಲ್ಲುವುದಿಲ್ಲ, ತಲೆ ಏಳುವುದಿಲ್ಲ. "ಎಂತದೂ ಇಲ್ಲ ಮರಾಯ್ರೆ" ಎಂಬ ಉತ್ತರ ಮಾತ್ರ ಬರುತ್ತದೆ. ಅದು ಬರುವ ಹೊತ್ತಿಗೆ ಒಂದು ಬುಟ್ಟಿ ತುಂಬಿ ಎರಡನೆಯದರ ತಳ ಮುಚ್ಚಿರುತ್ತದೆ. ನೆತ್ತಿಯ ಮೇಲೆ ಗಿಡುಗಗಳು ಸುತ್ತುತ್ತಿರುತ್ತವೆ, ಬೆಳ್ಳಕ್ಕಿಗಳು ಮಾರು ದೂರದಲ್ಲಿ ಸಾಲಾಗಿ ನಿಂತಿರುತ್ತವೆ. ಹಕ್ಕಿಗಳಿಗೆ ಗುಟ್ಟು ಕಾಯುವ ಅಭ್ಯಾಸವಿಲ್ಲ. ಊರಿಗೊಬ್ಬನಾದರೂ ಇರುವ ಈ ಮನುಷ್ಯನನ್ನು ಇಲ್ಲಿ ಇಲ್ಲಣ್ಣ ಎಂದು ಕರೆಯೋಣ. ಪೇಟೆಯಿಂದ ಬಂದವರಲ್ಲಿ ಬುದ್ಧಿವಂತರು ಇವನನ್ನು ಸುಳ್ಳುಗಾರ ಎಂದುಕೊಳ್ಳುತ್ತಾರೆ, ಮೆದು ಮನಸ್ಸಿನವರು ಪಾಪ ಎಂದುಕೊಳ್ಳುತ್ತಾರೆ. ಇಬ್ಬರೂ ತಪ್ಪಿದ್ದಾರೆಂಬುದು ನನ್ನ ವಾದ. ಹುಟ್ಟು, ಬಲೆ, ಲಂಗರುಗಳ ಹಾಗೆ 'ಇಲ್ಲ' ಎಂಬುದೂ ಅವನ ಕಸುಬಿನ ಸಾಮಾನು. ಅದನ್ನು ಮನೆಯಲ್ಲಿ ಮರೆತು ಕಡಲಿಗಿಳಿದವನು ಹೆಚ್ಚು ದಿನ ಬದುಕು ಸಾಗಿಸಲಾರ.

ಮೊದಲು ಮಾತಿನ ಅಳತೆಯನ್ನೇ ನೋಡಬೇಕು. ಇಲ್ಲಣ್ಣನ ನಿಘಂಟಿನಲ್ಲಿ 'ಇಲ್ಲ' ಎಂದರೆ ಸೊನ್ನೆಯಲ್ಲ. "ಎಂತದೂ ಇಲ್ಲ" ಎಂದರೆ ಆ ದಿನದ ಸೀಮೆಎಣ್ಣೆ ಖರ್ಚು ಕಳೆದು ಮನೆಗೆ ನಾಲ್ಕು ಕಾಸು ಉಳಿದಿದೆ. "ಪದಾರ್ಥಕ್ಕಾಪಷ್ಟ್ ಸಿಕ್ತ್" ಎಂದರೆ ಎರಡು ಬುಟ್ಟಿ ಸಿಕ್ಕಿದೆ. ಅಷ್ಟನ್ನೂ ಪದಾರ್ಥ ಮಾಡಿ ಉಣ್ಣಬೇಕಾದರೆ ಅವನ ಮನೆಯಲ್ಲಿ ದಿನಕ್ಕೊಂದು ಮದುವೆ ನಡೆಯಬೇಕು. ಈ ಸರ್ತಿ ಕಡಲೇ ಸಮ ಇಲ್ಲ ಎಂದು ನಿಟ್ಟುಸಿರಿಟ್ಟನೆಂದರೆ ಹೊಸ ಬಲೆಗೆ ಮುಂಗಡ ಕೊಟ್ಟಾಗಿದೆ. "ಒಳ್ಳೆ ಮೀನ್" ಎಂಬ ಮಾತೂ ಅವನ ಬಾಯಲ್ಲಿ ಬರುವುದುಂಟು, ಆದರೆ ಪಕ್ಕದ ದೋಣಿಯ ಬಗ್ಗೆ ಮಾತ್ರ. ಆ ಪಕ್ಕದವನು ಅದೇ ಹೊತ್ತಿನಲ್ಲಿ ಇವನ ದೋಣಿಯ ಬಗ್ಗೆ ಅದನ್ನೇ ಹೇಳುತ್ತಿರುತ್ತಾನೆ. ಹಾಗಾಗಿ ಇಬ್ಬರನ್ನೂ ಕೇಳುವ ತಾಳ್ಮೆಯಿದ್ದವರಿಗೆ ಊರಿನ ಒಟ್ಟು ಮೀನಿನ ಲೆಕ್ಕ ಸರಿಯಾಗಿಯೇ ದಕ್ಕುತ್ತದೆ. ಹೇಳುವವನಿಗೂ ಕೇಳುವವನಿಗೂ ಅಳತೆ ಗೊತ್ತಿರುವಾಗ ಅದನ್ನು ಸುಳ್ಳು ಎನ್ನಲು ಬರುವುದಿಲ್ಲ. ಮದುವೆಯ ಕರೆಯೋಲೆಯಲ್ಲಿ 'ಸಕುಟುಂಬ ಸಪರಿವಾರ' ಎಂದು ಅಚ್ಚು ಹಾಕಿಸಿದವರು ಊಟದ ಎಲೆಯನ್ನು ಮನೆಗೆ ಎರಡರಂತೆ ಲೆಕ್ಕ ಹಾಕಿರುತ್ತಾರೆ. ಅವರನ್ನು ಯಾರೂ ಸುಳ್ಳುಗಾರರು ಎನ್ನುವುದಿಲ್ಲವಲ್ಲ.

ಇಷ್ಟು ಬಳಸು ಮಾತು ಯಾಕೆ ಬೇಕು ಎನ್ನುವವರು ದಡದ ಮೀನಿನ ಸ್ವಭಾವವನ್ನು ಗಮನಿಸಬೇಕು. ಮುಂಗಾರಿನ ಗಾಳಿಗೆ ಕಡಲಿನ ತಳದ ತಣ್ಣೀರು ಮೇಲೇಳುತ್ತದೆ, ಅದರ ಸತ್ವಕ್ಕೆ ಕಣ್ಣಿಗೆ ಕಾಣದ ಸಸ್ಯಾಣುಗಳು ಹುಲುಸಾಗುತ್ತವೆ, ಅವುಗಳ ಹಿಂದೆ ಬೈಗೆಯೂ ಬಂಗುಡೆಯೂ ಹಿಂಡುಹಿಂಡಾಗಿ ದಡದತ್ತ ಬರುತ್ತವೆ. ಹಿಂಡು ಇವತ್ತು ಈ ಊರಿನ ಎದುರು ಇದ್ದರೆ ನಾಳೆ ಮುಂದಿನ ಊರಿನ ಎದುರು. ಆಳಸಮುದ್ರದ ಟ್ರಾಲ್ ಬೋಟಿನವರು ಮಂಜುಗಡ್ಡೆ, ಡೀಸೆಲ್ಲು, ಅಕ್ಕಿ, ಮೀನಿನ ಜಾಡು ತೋರಿಸುವ ಯಂತ್ರ ಎಲ್ಲವನ್ನೂ ತುಂಬಿಕೊಂಡು ವಾರಗಟ್ಟಲೆ ಅಲೆಯಬಲ್ಲರು. ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ. ಇಲ್ಲಣ್ಣನ ಕಡಲು ಅವನ ಮನೆಯ ಅಂಗಳದಿಂದ ಕಾಣುವಷ್ಟೇ. ಎಲ್ಲಿ ಬಲೆ ಬಿಟ್ಟೆ, ಎಷ್ಟು ಮಾರು ನೀರಿನಲ್ಲಿ, ಎಷ್ಟು ಹೊತ್ತಿಗೆ ಎಂಬ ತಿಳಿವೊಂದೇ ಅವನ ಬಂಡವಾಳ. ಮೀನಾಯ್ತು ಎಂದರೆ ಮುಂದಿನ ಪ್ರಶ್ನೆ ಎಲ್ಲಿ ಎಂಬುದೇ. ಅದಕ್ಕೂ ಬಾಯಿಬಿಟ್ಟರೆ ಮರುದಿನ ಆ ಜಾಗದಲ್ಲಿ ಬಲೆಗಳು ಮೀನಿಗಿಂತ ಹೆಚ್ಚಿರುತ್ತವೆ. ಎಂಜಿನ್ನಿಗೆ ಮುಂಗಡ ಕೊಟ್ಟ ದಲ್ಲಾಳಿಯೂ ಅದೇ ಮರಳಿನ ಮೇಲೆ ಓಡಾಡುತ್ತಿರುತ್ತಾನೆ. ಅವನ ಕಿವಿ ಗಿಡುಗದ ಕಣ್ಣಿಗಿಂತ ಚುರುಕು. ಇಷ್ಟು ಜನರ ನಡುವೆ ಕೂತು ಖುಷಿಯಿಂದ ಹೌದು ಎನ್ನಬೇಕಾದರೆ ಮನುಷ್ಯ ಒಂದೋ ಸಂತನಾಗಿರಬೇಕು, ಇಲ್ಲವೇ ಸರಕಾರಿ ಸಂಬಳದಲ್ಲಿರಬೇಕು.

ದರದ ಸಂಗತಿಯೂ ಇದೆ. ಅಡಿಕೆ ಬೆಳೆಗಾರನೂ ಬೆಳೆ ಇಲ್ಲ ಎನ್ನುತ್ತಾನೆ, ಆದರೆ ಅವನು ಅಡಿಕೆಯನ್ನು ಅಟ್ಟದ ಮೇಲಿಟ್ಟು ಮುಂದಿನ ವರ್ಷದವರೆಗೆ ಹಾಗೆ ಹೇಳುತ್ತ ಕೂರಬಹುದು. ಎಣ್ಣೆಯಂಶ ಹೆಚ್ಚಿರುವ ಬೈಗೆ ಮಧ್ಯಾಹ್ನದವರೆಗೂ ಕಾಯುವುದಿಲ್ಲ. ಮೀನು ತುಂಬ ಬಿತ್ತು ಎಂಬ ಸುದ್ದಿ ಮೀನಿಗಿಂತ ಮೊದಲು ಏಲಂ ನಡೆಯುವಲ್ಲಿಗೆ ತಲುಪಿದರೆ, ಅಡುಗೆಮನೆಗೆ ಹೋಗಬೇಕಾದದ್ದು ಮೀನೆಣ್ಣೆಯ ಕಾರ್ಖಾನೆಯ ದರಕ್ಕೆ ಇಳಿಯುತ್ತದೆ. ಇಲ್ಲಿ ಇಲ್ಲಣ್ಣನ ಹೆಂಡತಿಯ ಪಾತ್ರವನ್ನು ಮರೆಯುವ ಹಾಗಿಲ್ಲ, ನಿಜ ಹೇಳಬೇಕೆಂದರೆ ನಾಟಕದ ದೊಡ್ಡ ಪಾತ್ರ ಅವಳದ್ದೇ. ಬೆಳಗಿನ ಆರು ಗಂಟೆಗೆ ಗಂಡ ಮರಳಿನ ಮೇಲೆ ಬಿತ್ತಿದ 'ಇಲ್ಲ'ವನ್ನು ಅವಳು ಒಂಬತ್ತಕ್ಕೆ ಮಾರುಕಟ್ಟೆಯಲ್ಲಿ ಕೊಯ್ಯುತ್ತಾಳೆ. "ಕಡಲಂಗೆ ಮೀನೇ ಇಲ್ಲ ಅಮ್ಮಾ, ಇದೊಂದ್ ಬುಟ್ಟಿ ಸಿಕ್ಕದ್ದೇ ಪುಣ್ಯ" ಎಂದು ಅವಳು ಹೇಳುವಾಗ, ಎರಡನೆಯ ಬುಟ್ಟಿ ಹಿಂದೆ ಗೋಣಿಯಡಿ ಮಂಜುಗಡ್ಡೆಯ ಮೇಲೆ ಮಲಗಿರುತ್ತದೆ. ಗಂಡ ಬಾಯಿತಪ್ಪಿ ಹೌದು ಎಂದಿದ್ದ ದಿನ ಮನೆಯಲ್ಲಿ ಏನು ನಡೆಯುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಕಡಲ ಮಕ್ಕಳ ಹುಟ್ಟುಗುಣವೇ ಇದು ಎಂದು ಕೆಲವರು ವಾದ ಮುಗಿಸಿಬಿಡುತ್ತಾರೆ. ರಂಪಣಿಯ ಕಾಲ ಗೊತ್ತಿದ್ದವರು ಇದನ್ನು ಒಪ್ಪಲಾರರು. ರಂಪಣಿ ಬಲೆಯೆಂದರೆ ದಡದಿಂದ ದೋಣಿಯಲ್ಲಿ ಹೊರಟು, ಮೀನಿನ ಹಿಂಡನ್ನು ಬಳಸಿ ಮತ್ತೆ ದಡಕ್ಕೆ ಬರುವ ದೈತ್ಯ ಬಲೆ. ಅದನ್ನು ಎರಡು ತುದಿಯಿಂದ ಎಳೆಯಲು ಹತ್ತಾರು ಆಳುಗಳು ಬೇಕು. ನೀರಿನ ಬಣ್ಣ ನೋಡಿ ಹಿಂಡು ಬಂತೆಂದು ಹೇಳುವವನು ಕೂಗಿಯೇ ಹೇಳಬೇಕಿತ್ತು, ಯಾಕೆಂದರೆ ಊರು ಬರದಿದ್ದರೆ ಬಲೆ ಬರುತ್ತಿರಲಿಲ್ಲ. ಹಗ್ಗ ಎಳೆದವರಿಗೆಲ್ಲ ಪಾಲು. ಹಾಗಿರುವಾಗ ಯಾರು ಯಾರಿಗೆ ಇಲ್ಲ ಎನ್ನಬೇಕು? 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರಬೇಕಾದ ಹಿಂಡುಗಳನ್ನು ಆಚೆಯೇ ಸುತ್ತುವರಿದು ಬಾಚತೊಡಗಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಸರಿಯಿತು. ಈಗ ಉಳಿದಿರುವುದು ಅದರ ಮೊಮ್ಮಗುವಿನಂಥ ಕೈರಂಪಣಿ. ಹಗ್ಗ ಎಳೆಯುತ್ತಿದ್ದವರಲ್ಲಿ ಹಲವರು ಪರರ ಬೋಟಿನ ಆಳಾದರು, ಕೆಲವರು ಸಣ್ಣ ದೋಣಿ ಹಿಡಿದು ಒಂಟಿಯಾದರು. 'ಇಲ್ಲ' ದೊಡ್ಡದಾಗಿ ಬೆಳೆದದ್ದು ಈ ಒಂಟಿತನದಲ್ಲಿ ಎಂದು ನನಗನ್ನಿಸುತ್ತದೆ. ಹಂಚಿಕೊಳ್ಳುವ ಏರ್ಪಾಡು ಹೋದಲ್ಲಿ ಮುಚ್ಚಿಡುವ ವಿದ್ಯೆ ಬರುತ್ತದೆ.

ಈಗ ಉಪಗ್ರಹಗಳ ಕಾಲ, ಇವನ ಗುಟ್ಟು ಯಾರಿಗೆ ಬೇಕು ಎನ್ನುವ ಆಕ್ಷೇಪಕ್ಕೂ ಉತ್ತರವಿದೆ. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಕಡಲ ಮೇಲ್ಮೈಯ ಬಿಸಿ ಮತ್ತು ನೀರಿನ ಹಸಿರನ್ನು ಉಪಗ್ರಹದಿಂದ ಅಳೆದು, ಮೀನು ಸಿಗಬಹುದಾದ ಜಾಗಗಳನ್ನು ಮೀನುಗಾರರಿಗೆ ತಿಳಿಸುತ್ತದೆ. ಒಳ್ಳೆಯ ಕೆಲಸವೇ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಕಡಲಿಗಿಳಿಯುವವರು ನಾಡದೋಣಿಯವರು ಮಾತ್ರ, ಅದೂ 10 ಅಶ್ವಶಕ್ತಿಯೊಳಗಿನ ಎಂಜಿನ್ ಇದ್ದರೆ. ಇಲ್ಲಣ್ಣನ ಸುಗ್ಗಿ ಅದು. ಆ ನಿಷೇಧದ ದಿನಗಳಲ್ಲಿ ಇನ್‌ಕೋಯಿಸ್ ಸೂಚನೆ ಕೊಡುವುದಿಲ್ಲ, ಕೊಡಹೊರಟರೂ ಮುಂಗಾರಿನ ಮೋಡ ಉಪಗ್ರಹದ ಕಣ್ಣು ಕಟ್ಟುತ್ತದೆ. ಅಂದರೆ ಗುಟ್ಟಿಗೆ ಬೆಲೆಯಿರುವ ಎರಡು ತಿಂಗಳು ಆಕಾಶವೂ "ಎಂತದೂ ಇಲ್ಲ" ಎಂದುಬಿಡುತ್ತದೆ.

ಜಿಪುಣ ಎನ್ನುವವರಿಗೆ ಉತ್ತರಿಸಲು ಹೆಚ್ಚು ಮಾತು ಬೇಡ. ದೋಣಿಯನ್ನು ಮರಳಿಗೆ ಎಳೆಯುವಾಗ ಕೈಕೊಟ್ಟ ಹುಡುಗರಿಗೆ, ಸುಮ್ಮನೆ ನಿಂತು ನೋಡಿದ ಮುದುಕನಿಗೆ, ಮೀನ್ ಆಯ್ತಾ ಎಂದು ಕೇಳಿದ ನಿಮಗೂ, ಇಲ್ಲ ಎನ್ನುತ್ತಲೇ ನಾಲ್ಕು ಬಂಗುಡೆ ಎತ್ತಿ ಕೊಡುವವನು ಅವನೇ. ಅವನ ಬಾಯಿಯ ಖಾತೆ ಬೇರೆ, ಕೈಯ ಖಾತೆ ಬೇರೆ.

ಉಳಿದಿರುವುದು ಒಂದು ಆಕ್ಷೇಪ, ಅದು ಮಾತ್ರ ಗಟ್ಟಿಯಾದದ್ದು: ಅವನು ಹೇಳುವುದು ನಿಜವೇ ಆಗಿದ್ದರೆ? 2015ರ ಆಸುಪಾಸಿನಲ್ಲಿ ಕೇರಳ, ಕರ್ನಾಟಕದ ಕಡಲಲ್ಲಿ ಬೈಗೆ ನಿಜಕ್ಕೂ ಕಾಣೆಯಾಗುತ್ತ ಬಂದಿತ್ತು. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದ ಮೇಲೂ ಸಣ್ಣ ದೋಣಿಯವರ ದೂರು ನಿಂತಿಲ್ಲ. ಇಲ್ಲಿ ನನ್ನ ವಾದ ಕುಂಟುತ್ತದೆಂದು ಒಪ್ಪಬೇಕು. ಸುಗ್ಗಿಯಲ್ಲೂ ಬರದಲ್ಲೂ ಒಂದೇ ಮಾತು ಬಳಸಿದವನ ಬರವನ್ನು ಕಚೇರಿಯಲ್ಲಿ ಕೂತವರು ಹೇಗೆ ನಂಬಬೇಕು? ಹೊಸಬ ಅಧಿಕಾರಿ ಅದನ್ನು ವರದಿಗೆ ಸೇರಿಸುತ್ತಾನೆ, ಹಳಬ ಮುಗುಳ್ನಕ್ಕು ಮುಂದೆ ಹೋಗುತ್ತಾನೆ. ಎರಡರಿಂದಲೂ ಇಲ್ಲಣ್ಣನಿಗೆ ಪ್ರಯೋಜನವಿಲ್ಲ. 1947ರಲ್ಲಿ ಶುರುವಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಜಾಣತನದಿಂದ ತನ್ನ ಜನರನ್ನು ಮೀನು ಇಳಿಸುವ ಜಾಗಕ್ಕೇ ಕಳಿಸಿ, ಇಳಿದದ್ದನ್ನು ಕಣ್ಣಾರೆ ನೋಡಿ ಅಂದಾಜು ಬರೆಸುತ್ತದೆ. ಆದರೆ ಕಣ್ಣಿಗಿಂತ ಕಿವಿಗೆ ಹೆಚ್ಚು ತಿಳಿಯುವ ಗುರುತೊಂದಿದೆ. ಬಲೆ ನಿಜವಾಗಿ ಬರಿದಾಗಿ ಬಂದ ದಿನ ಇಲ್ಲಣ್ಣ 'ಇಲ್ಲ' ಎನ್ನುವುದಿಲ್ಲ. ಮುಚ್ಚಿಡಲು ಏನೂ ಇರುವುದಿಲ್ಲವಲ್ಲ. ಬಲೆಯನ್ನು ಸಿಹಿನೀರಿನಲ್ಲಿ ತೊಳೆದು, ಹರಿದ ಕಣ್ಣು ಹೊಲಿದು, ಮಗಳ ಪರೀಕ್ಷೆಯ ವಿಷಯವನ್ನೋ ಮಳೆಯ ವಿಷಯವನ್ನೋ ಎತ್ತುತ್ತಾನೆ. ಮೀನ್ ಆಯ್ತಾ ಎಂದು ಆಗಲೂ ಯಾರಾದರೂ ಕೇಳಿದರೆ ತಲೆಯೆತ್ತಿ, ನಗುತ್ತ, "ನಾಳಿಗೆ ಕಾಂಬ" ಎನ್ನುತ್ತಾನೆ.