ಬಿಸಿಲಿಗೆ ಬಾಗಿದ ತಟ್ಟೆ

ಸಿಮ್ಲಾ ಸಿಗರೇಟಿನ ಜಾಹೀರಾತಿಗಾಗಿ ಕಂಪನಿಯವರು ನಮ್ಮ ದೇಶದ ಗಿಟಾರ್ ತಂಡಗಳಿಗೆ ‘ಸಿಮ್ಲಾ ಬೀಟ್’ ಸ್ಪರ್ಧೆ ಇಟ್ಟು, 1970 ಮತ್ತು 1971ರಲ್ಲಿ ಆ ಹಾಡುಗಳ ಎಲ್‌ಪಿ ಹೊರಡಿಸಿದರು. ಸಿಗರೇಟು ಹೊಗೆಯಾಯಿತು, ತಟ್ಟೆ ಉಳಿಯಿತು. ಆಮೇಲೆ ಪರದೇಶದವರು ಅದನ್ನು ಮರುಮುದ್ರಿಸಿದರು.

ಅಂಥದ್ದೊಂದನ್ನು ತರಿಸಿ ಬಳ್ಳಾರಿಯ ಮನೆಯ ಕಿಟಕಿಯಲ್ಲಿಟ್ಟೆ. ಮೇ ತಿಂಗಳು, ಕೇಳಬೇಕೆ! ಸಂಜೆಗೆ ಹಪ್ಪಳದಂತೆ ಸೊಟ್ಟಗಾಗಿತ್ತು. ಮುಳ್ಳು ಅದರ ಮೇಲೆ, ಸಿರುಗುಪ್ಪದ ಗದ್ದೆಬದು ದಾಟುವ ಬಂಡಿಯಂತೆ ಏರಿಳಿಯಿತು.

ಕುರುಗೋಡಿನಿಂದ ಬಂದಿದ್ದ ದೊಡ್ಡಮ್ಮ ಕಿವಿಗೊಟ್ಟಳು. “ಯಾಕಪಾ, ಹಾಡಾವಗ ಚಳಿಜ್ವರ ಬಂದೈತೇನು?”

“ಇಲ್ಲ ದೊಡ್ಡಮ್ಮ, ಇದು ಸೈಕೆಡೆಲಿಕ್ಕು.”

“ಮೊದಲಾ ಹಿಂಗಿತ್ತೋ, ಬಿಸಿಲಿಗೆ ಹಿಂಗಾತೋ?”

ನಿಜ ಹೇಳಬೇಕೆಂದರೆ ನನಗೂ ಗೊತ್ತಾಗಲಿಲ್ಲ. ಹೋಲಿಸಿ ನೋಡಲೆಂದೇ ಇನ್ನೊಂದು ಪ್ರತಿ ತರಿಸಿದ್ದೇನೆ. ಸೋನಾ ಮಸೂರಿ ಚೀಲದ ಹಿಂದೆ, ನೆರಳಲ್ಲಿದೆ. ಬೆಲೆ ಮಾತ್ರ ಹೆಂಡತಿಗೆ ಹೇಳಿಲ್ಲ.